ಶಾಂತಿ ಸಭೆ ಹಬ್ಬದ ಹಿಂದಿನ ವಾರಕ್ಕೆ ಮಾತ್ರ ಏಕೆ?



ಗಣೇಶ ಚತುರ್ಥಿ, ಈದ್ ಮಿಲಾದ್ ಹತ್ತಿರ ಬಂದವೆಂದರೆ ರಾಜ್ಯದ ಪೊಲೀಸ್ ಠಾಣೆಗಳಲ್ಲಿ ಶಾಂತಿ ಸಭೆಗಳು ಶುರುವಾಗುತ್ತವೆ. ಮೆರವಣಿಗೆ ಯಾವ ದಾರಿ ಹಿಡಿಯಬೇಕು, ಡಿಜೆಗೆ ಅನುಮತಿ ಉಂಟೇ, ವಿಸರ್ಜನೆ ಎಷ್ಟು ಗಂಟೆಯೊಳಗೆ ಮುಗಿಯಬೇಕು ಎಂಬುದನ್ನು ಅಧಿಕಾರಿಗಳು ತಿಳಿಸುತ್ತಾರೆ. ಎರಡೂ ಸಮುದಾಯಗಳ ಮುಖಂಡರು ಸಹಕರಿಸುವುದಾಗಿ ಮಾತು ಕೊಡುತ್ತಾರೆ. ಅಲ್ಲಿಗೆ ಸಭೆ ಮುಗಿಯಿತು. ಮುಂದಿನ ಹಬ್ಬದವರೆಗೆ ಠಾಣೆಯ ಶಾಂತಿ ಸಮಿತಿಯ ಸುದ್ದಿಯೇ ಇರುವುದಿಲ್ಲ. ಈ ಪದ್ಧತಿ ಬದಲಾಗಲೇಬೇಕು.

ಸಭೆಯಿಂದ ಪ್ರಯೋಜನವೇ ಇಲ್ಲ ಎನ್ನಲಾರೆ. ಮೆರವಣಿಗೆಯ ದಾರಿ, ಸಮಯ ಮೊದಲೇ ಗೊತ್ತಾದರೆ ಎಷ್ಟೋ ತಕರಾರು ಅಲ್ಲೇ ತೀರುತ್ತವೆ. ಆದರೆ 2023ರ ಅಕ್ಟೋಬರ್ 1ರಂದು ಶಿವಮೊಗ್ಗದ ರಾಗಿಗುಡ್ಡ, 2024ರ ಸೆಪ್ಟೆಂಬರ್ 11ರಂದು ನಾಗಮಂಗಲ, 2025ರ ಸೆಪ್ಟೆಂಬರ್ 7ರಂದು ಮದ್ದೂರು, ಹೀಗೆ ಮೂರು ವರ್ಷವೂ ಮೆರವಣಿಗೆಯ ಹೊತ್ತಿನಲ್ಲೇ ಕಲ್ಲು ತೂರಾಟ ಕಂಡೆವು. ನಾಗಮಂಗಲದಲ್ಲಿ ಅಂಗಡಿಗಳಿಗೆ ಬೆಂಕಿ ಬಿತ್ತು. ಠಾಣೆಯ ಸಭೆಯಲ್ಲಿ ಕೂರುವ ಮುಖಂಡರಿಗೂ ಕಲ್ಲು ಕೈಗೆತ್ತಿಕೊಳ್ಳುವ ಹುಡುಗರಿಗೂ ಎಷ್ಟೋ ಕಡೆ ಮುಖಪರಿಚಯವೂ ಇರುವುದಿಲ್ಲ. ರಾತ್ರಿ ಹತ್ತಕ್ಕೆ ಮೊಬೈಲಿಗೆ ಒಂದು ವಿಡಿಯೊ ಬಂದಾಗ, ಇದು ನಿಜವೇ ಎಂದು ಕೇಳಿ ತಿಳಿಯಲು ಆ ಹುಡುಗನಿಗೆ ಎದುರು ಬೀದಿಯಲ್ಲಿ ಗುರುತಿನವರು ಒಬ್ಬರಾದರೂ ಇರಬೇಕು. ಅಂಥ ಗುರುತು ಹಬ್ಬದ ಹಿಂದಿನ ವಾರ ಕರೆದ ಒಂದು ಸಭೆಯಿಂದ ಬೆಳೆಯುವುದಿಲ್ಲ.

ಮಹಾರಾಷ್ಟ್ರದ ಭಿವಂಡಿಯ ಅನುಭವವನ್ನು ನಮ್ಮ ಅಧಿಕಾರಿಗಳು ಒಮ್ಮೆ ಗಮನವಿಟ್ಟು ನೋಡಬೇಕು. 1984ರ ಗಲಭೆಯಲ್ಲಿ ಆ ಮಗ್ಗದ ಊರು ಬೆಂದುಹೋಗಿತ್ತು. 1988ರಲ್ಲಿ ಅಲ್ಲಿಗೆ ಪೊಲೀಸ್ ಉಪ ಆಯುಕ್ತರಾಗಿ ಬಂದ ಸುರೇಶ್ ಖೋಪಡೆ ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಹಿಂದೂಗಳೂ ಮುಸ್ಲಿಮರೂ ಸಮನಾಗಿ ಇರುವ, ಹಬ್ಬ ಇರಲಿ ಇಲ್ಲದಿರಲಿ ತಪ್ಪದೆ ಸೇರುವ ಸಮಿತಿಗಳು ಅವು. ಸಾಧಾರಣ ಜನ ಬಂದು ತಮ್ಮ ಬೀದಿಯ ಜಗಳ, ದಿನನಿತ್ಯದ ತಾಪತ್ರಯಗಳನ್ನೇ ಅಲ್ಲಿ ಹೇಳಿಕೊಳ್ಳುತ್ತಿದ್ದರು. 1992ರ ಡಿಸೆಂಬರ್ ಮತ್ತು 1993ರ ಜನವರಿಯಲ್ಲಿ ಮುಂಬೈ ಹೊತ್ತಿ ಉರಿದು, ಶ್ರೀಕೃಷ್ಣ ಆಯೋಗದ ಪ್ರಕಾರವೇ 900 ಮಂದಿ ಸತ್ತರು. ಪಕ್ಕದ ಭಿವಂಡಿ ಶಾಂತವಾಗಿತ್ತು. ಅಷ್ಟರಲ್ಲಿ ಖೋಪಡೆಯವರಿಗೆ ವರ್ಗವಾಗಿತ್ತು ಎಂಬುದು ಇನ್ನೂ ಮುಖ್ಯ. ಅಧಿಕಾರಿ ಹೋದ ಮೇಲೂ ಕೆಲಸ ನಿಲ್ಲಲಿಲ್ಲ, ಏಕೆಂದರೆ ಬೀದಿಯ ಜನ ಅದನ್ನು ತಮ್ಮದೆಂದು ಹಿಡಿದುಕೊಂಡಿದ್ದರು.

ಇದನ್ನು ಕಲಿಯಲು ನಾವು ಬೇರೆ ರಾಜ್ಯಕ್ಕೇ ಹೋಗಬೇಕೆಂದೂ ಇಲ್ಲ. ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರ್ 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿ ಸ್ವಯಂಸೇವಕರನ್ನು ಶಿಸ್ತಿನಿಂದ ತಯಾರು ಮಾಡಿದರು. ಅವರ ಗರಡಿಯಲ್ಲಿ ಬೆಳೆದ ಬೆಂಗಳೂರಿನ ಎಸ್.ಎನ್. ಸುಬ್ಬರಾವ್ ಚಂಬಲ್ ಕಣಿವೆಗೆ ಹೋಗಿ ಜೌರಾದಲ್ಲಿ ಆಶ್ರಮ ಮಾಡಿಕೊಂಡು ನೆಲೆಸಿದರು. 1972ರಲ್ಲಿ ಜಯಪ್ರಕಾಶ್ ನಾರಾಯಣರ ಮುಂದೆ ಡಕಾಯಿತರು ಬಂದೂಕು ಕೆಳಗಿಟ್ಟದ್ದು ಅಲ್ಲಿಯೇ. ಆ ಬಳಿಕವೂ ಸುಬ್ಬರಾವ್ ಸುಮ್ಮನಿರಲಿಲ್ಲ. 2021ರಲ್ಲಿ ತೀರಿಕೊಳ್ಳುವವರೆಗೂ ಭಾವೈಕ್ಯ ಶಿಬಿರಗಳಲ್ಲಿ ಹುಡುಗ ಹುಡುಗಿಯರಿಗೆ ಹಾಡು ಕಲಿಸುತ್ತ, ಶ್ರಮದಾನ ಮಾಡಿಸುತ್ತ ಓಡಾಡಿದರು. ಇಂದಿಗೂ ನಮ್ಮ ಶಾಲೆಗಳಲ್ಲಿ ಭಾರತ ಸೇವಾದಳವಿದೆ, ಮಕ್ಕಳ ಭಾವೈಕ್ಯ ಮೇಳಗಳು ನಡೆಯುತ್ತವೆ. ಶಾಲೆಯ ಅಂಗಳದೊಳಗೆ ಇರುವ ಈ ಕೆಲಸ ಗೇಟು ದಾಟಿ ಬೀದಿಗೆ ಏಕೆ ಬರಬಾರದು? 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ರೂಪುಗೊಂಡಾಗ ಶಾಂತಿ ಶಿಕ್ಷಣಕ್ಕೆಂದೇ ಒಂದು ತಜ್ಞರ ತಂಡವಿತ್ತು. ಅದನ್ನು ಪ್ರತ್ಯೇಕ ವಿಷಯವಾಗಿ ಬೋಧಿಸದೆ ಎಲ್ಲ ಪಾಠಗಳಲ್ಲೂ ಹಾಸುಹೊಕ್ಕಾಗಿಸಬೇಕು ಎಂದು ಆ ತಂಡ ಹೇಳಿತ್ತು.

ನಮ್ಮ ಬಡಾವಣೆಯಲ್ಲಿ ನಾವು ಕೆಲವರು ಸೇರಿ ಬೀದಿಯಲ್ಲೇ ಇಂಥ ಕೆಲಸ ಮಾಡುತ್ತಿದ್ದೇವೆ. ನಿವೃತ್ತ ಶಿಕ್ಷಕರು, ಒಬ್ಬ ಟೈಲರ್, ಅಂಗನವಾಡಿ ಕಾರ್ಯಕರ್ತೆ, ಪದವಿ ಓದುವ ನಾಲ್ಕೈದು ಮಕ್ಕಳು. ಭಾನುವಾರ ಬೆಳಿಗ್ಗೆ ಎರಡು ಕೇರಿಗಳ ಹುಡುಗರನ್ನು ಕರೆದು ಬೆರೆಸಿ ತಂಡ ಮಾಡಿ ಖೊಖೊ ಆಡಿಸುತ್ತೇವೆ. ಆಮೇಲೆ ವಾಟ್ಸ್ಆ್ಯಪ್‌ನಲ್ಲಿ ಆ ವಾರ ಹರಿದಾಡಿದ ಸಂದೇಶಗಳನ್ನು ಮುಂದಿಟ್ಟುಕೊಂಡು ಇದು ಯಾವ ಊರಿನದು, ಯಾವಾಗಿನದು ಎಂದು ಅವರಿಂದಲೇ ಹುಡುಕಿಸುತ್ತೇವೆ. ಮೊದಮೊದಲು ದೂರದಲ್ಲೇ ನಿಲ್ಲುತ್ತಿದ್ದ ತಾಯಂದಿರು ಈಗ ಹತ್ತಿರ ಬಂದು ಕೂರುತ್ತಾರೆ. ಮಳೆಗಾಲದಲ್ಲಿ ಕೂರಲು ಒಂದು ಕೊಠಡಿ ಕೊಡಿ ಎಂದು ಹತ್ತಿರದ ಶಾಲೆಯನ್ನು ಕೇಳಿದರೆ ಮೇಲಿನವರ ಅನುಮತಿ ಬೇಕೆಂದರು. ಮೇಲಿನ ಕಚೇರಿಗೆ ಅರ್ಜಿ ಕೊಟ್ಟೆವು, ಉತ್ತರ ಬರಲಿಲ್ಲ. ಶಾಂತಿ ಸಮಿತಿಗೆ ನಮ್ಮಲ್ಲಿ ಒಬ್ಬ ಹೆಣ್ಣುಮಗಳನ್ನಾದರೂ ಸೇರಿಸಿಕೊಳ್ಳಿ ಎಂದರೆ, ಪಟ್ಟಿ ಆಗಲೇ ಸಿದ್ಧವಾಗಿದೆ ಎಂಬ ಮಾತು ಬಂತು.

ಸರ್ಕಾರ ಇಂಥ ಗುಂಪುಗಳೊಂದಿಗೆ ಕೈಜೋಡಿಸಿದರೆ ರಾಜಕೀಯ ನುಗ್ಗುತ್ತದೆ ಎಂಬ ಆತಂಕ ಕೆಲವರಿಗಿದೆ. ಅದು ಸುಳ್ಳು ಭಯವಲ್ಲ. ಅದಕ್ಕೇ ನಾವು ಅನುದಾನ ಕೇಳುತ್ತಿಲ್ಲ. ಕೋಮು ಗಲಭೆ ತಡೆಯಲೆಂದು ಕರಾವಳಿ ಮತ್ತು ಶಿವಮೊಗ್ಗಕ್ಕಾಗಿ ಸರ್ಕಾರ 2025ರ ಜೂನ್‌ನಲ್ಲಿ ವಿಶೇಷ ಕಾರ್ಯಪಡೆ ಆರಂಭಿಸಿತು. ಪಡೆ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿಯಲ್ಲಿ ಗಲಭೆ ನಡೆದಾಗ ದೇವಸ್ಥಾನದ ಸುತ್ತ ಕೈಕೈ ಹಿಡಿದು ಕಾವಲು ನಿಂತವರು ಅದೇ ಪ್ರದೇಶದ ಮುಸ್ಲಿಂ ಯುವಕರು. ಸಮಿತಿಗೆ ಹುಡುಕಿ ಕರೆಯಬೇಕಾದದ್ದು ಅಂಥವರನ್ನು.

ಜಿಲ್ಲಾಡಳಿತಗಳು ಪ್ರತಿ ಠಾಣೆಯ ಶಾಂತಿ ಸಮಿತಿಯ ಸದಸ್ಯರ ಪಟ್ಟಿಯನ್ನು ಸೂಚನಾ ಫಲಕದಲ್ಲಿ ಹಾಕಲಿ. ಅದರಲ್ಲಿ ಅರ್ಧದಷ್ಟು ಮಹಿಳೆಯರೂ ಯುವಕರೂ ಇರಲಿ. ಹಬ್ಬವಿಲ್ಲದ ತಿಂಗಳಲ್ಲೂ ಸಭೆ ಸೇರಲಿ, ಒಮ್ಮೊಮ್ಮೆಯಾದರೂ ಠಾಣೆ ಬಿಟ್ಟು ಬಡಾವಣೆಯಲ್ಲೇ ಸೇರಲಿ. ಸರ್ಕಾರಿ ಶಾಲೆಯ ಒಂದು ಕೊಠಡಿಯನ್ನು ಭಾನುವಾರ ಎರಡು ತಾಸು ಬಳಸಲು ಸ್ವಯಂಸೇವಕರಿಗೆ ಅವಕಾಶ ಕೊಡುವ ಸುತ್ತೋಲೆಯೊಂದನ್ನು ಶಿಕ್ಷಣ ಇಲಾಖೆ ಮುಂದಿನ ಗಣೇಶ ಚತುರ್ಥಿಗೆ ಮೊದಲೇ ಹೊರಡಿಸಲಿ. ಕೊಠಡಿಯ ಕಸ ಗುಡಿಸಿ ಬೀಗ ಹಾಕಿ ಕೀಲಿಕೈ ಒಪ್ಪಿಸುವ ಹೊಣೆ ನಮ್ಮದು.

ನಿವೃತ್ತ ಶಿಕ್ಷಕಿ,
ದಾವಣಗೆರೆ ಜಿಲ್ಲೆ