ಬ್ಯಾರಲ್‌ಗೂ ಸವಕಳಿ ಲೆಕ್ಕ ಇದೆ ಅಣ್ಣಾ!

1/6
ಕೈಲ್ ಮುಹೂರ್ತದ ದಿನ ಅಜ್ಜನ ಕೋವಿಗೆ ತೋಕ್‌ಪೂ ಸಿಕ್ಕಿಸಿ ಪೂಜೆ ಮಾಡಿದ ಫೋಟೋ ಹಾಕಿದ್ದೆ, ನೆನಪಿದ್ಯಾ? ಅದರ ಕೆಳಗೆ ಸೀನಿಯರ್ ಅಣ್ಣ ಒಬ್ಬರು ಬರೆದ್ರು: "ಈ ಕೋವಿ ಮೂರು ತಲೆಮಾರು ಬಂತು. ಅಮೆರಿಕದ ಬೇಟೆ ರೈಫಲ್ಲು ಸಾವಿರ, ಸಾವಿರದೈನೂರು ಗುಂಡಿಗೇ ಔಟ್ ಅಂತೆ. ಈಗಿನೋರಿಗೆ ಉಕ್ಕು ಮಾಡೋಕೆ ಬರಲ್ಲ." ಲೈಕ್ ಮೇಲೆ ಲೈಕ್. ಅಣ್ಣಾ, ಗೌರವದಿಂದಲೇ ಹೇಳ್ತೀನಿ, ತಪ್ಪು. ಸ್ವೈಪ್ ಮಾಡಿ.

2/6
ಅಜ್ಜನದು 12 ಬೋರ್. ಅದರೊಳಗಿನ ಒತ್ತಡಕ್ಕೂ ಮ್ಯಾಗ್ನಮ್ ರೈಫಲ್ ಒತ್ತಡಕ್ಕೂ ಐದು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ. ಎತ್ತಿನ ಗಾಡಿ ಚಕ್ರ ಬಾಳಿಕೆ ಬರುತ್ತೆ, ರೇಸ್ ಕಾರಿನ ಟೈರ್ ಬರಲ್ಲ ಅಂತ ಯಾರಾದ್ರೂ ಟೈರ್ ಕಂಪನಿಗೆ ಬೈತಾರಾ?

3/6
ಬ್ಯಾರಲ್ ಸವೆಯೋದು ಗುಂಡು ಉಜ್ಜಿ ಅಂತ ಎಲ್ಲರೂ ಅಂದ್ಕೊಂಡಿದ್ದಾರೆ. ಮುಖ್ಯ ಕಳ್ಳ ಬಿಸಿ ಅನಿಲ. ಗುಂಡು ಹೊರಡೋ ಜಾಗ, ಅಂದ್ರೆ ಬ್ಯಾರಲ್ಲಿನ ಗಂಟಲು, ಪ್ರತಿ ಸಲ ಕ್ಷಣಮಾತ್ರ ವಿಪರೀತ ಕಾದು ತಣ್ಣಗಾಗುತ್ತೆ. ಒಳಮೈ ಪೆಡಸಾಗಿ, ಬೇಸಿಗೆ ಕೆರೆಯಂಗಳದ ಥರ ಬಿರುಕು ಬಿಡುತ್ತೆ. ಆಮೇಲೆ ಅನಿಲ ಅದನ್ನ ಕೊಚ್ಕೊಂಡು ಹೋಗುತ್ತೆ. ಬಂದೂಕು ಹೊರಗಿಂದ ಪಳಪಳ, ಗುರಿ ಮಾತ್ರ ಚೆಲ್ಲಾಪಿಲ್ಲಿ.

4/6
ಎರಡನ್ನ ಪಕ್ಕಪಕ್ಕ ಇಡೋಣ. 1952ರ .308 ವಿಂಚೆಸ್ಟರ್: ಸುಮಾರು 3 ಗ್ರಾಂ ಮದ್ದು, 7.8 ಮಿ.ಮೀ. ಗುಂಡು. 1950ರ ದಶಕದ ಕೊನೆಗೆ ಬಂದ .264 ವಿಂಚೆಸ್ಟರ್ ಮ್ಯಾಗ್ನಮ್: ಸುಮಾರು 4 ಗ್ರಾಂ ಮದ್ದು, 6.7 ಮಿ.ಮೀ. ಗುಂಡು. ಬೆಂಕಿ ಜಾಸ್ತಿ, ಕೊಳವೆ ಸಣ್ಣದು. ಮೊದಲನೆಯದು ಐದು ಸಾವಿರ ಗುಂಡಿನ ಆಸುಪಾಸು ಬಾಳುತ್ತೆ ಅಂತ ಶೂಟರ್‌ಗಳ ಲೆಕ್ಕ. ಎರಡನೆಯದಕ್ಕೆ "ಬ್ಯಾರಲ್ ಸುಡೋದು" ಅಂತಲೇ ಅಡ್ಡಹೆಸರು. 1935ರ .220 ಸ್ವಿಫ್ಟ್ ಸೆಕೆಂಡಿಗೆ 1,200 ಮೀಟರ್ ದಾಟಿಸ್ತು, ಅದಕ್ಕೂ ಅದೇ ಹೆಸರು ಬಂತು. ಉಕ್ಕು ಕೆಟ್ಟದಲ್ಲ ಸ್ವಾಮಿ, ವೇಗದ ಬಿಲ್ಲು ಅದು!

5/6
ಈಗ ಬಿಕಾಂ ಬುದ್ಧಿ. ಸವಕಳಿ ಅಂದ್ರೆ ಸವೆಯೋದು ತಾನೇ? ಆದ್ರೆ ನಾವು ಕ್ಲಾಸಲ್ಲಿ ವರ್ಷಕ್ಕಿಷ್ಟು ಅಂತ ಸ್ಟ್ರೈಟ್ ಲೈನ್ ಹೊಡೆದು ಮುಗಿಸ್ತೀವಿ. ಬ್ಯಾರಲ್‌ಗೆ ಕ್ಯಾಲೆಂಡರ್ ಗೊತ್ತಿಲ್ಲ, ಗುಂಡಿನ ಎಣಿಕೆ ಮಾತ್ರ ಗೊತ್ತು. ಅಲ್ಲಿ ಜಿಂಕೆ ಬೇಟೆಗೆ ಹೋಗೋನು ಅಭ್ಯಾಸ ಸೇರಿ ವರ್ಷಕ್ಕೆ 20 ಗುಂಡು ಹೊಡೆದ ಅನ್ನಿ: 1,000 ಗುಂಡು ಮುಗಿಯೋಕೆ 50 ವರ್ಷ! ಅದೇ ಅಮೆರಿಕದ ಬಯಲಲ್ಲಿ ಪ್ರೈರಿ ಡಾಗ್ ಹೊಡೆಯೋರು ಒಂದೇ ದಿನ ನೂರಾರು ಹಾರಿಸ್ತಾರೆ, ಬ್ಯಾರಲ್ ಆರೋಕೂ ಬಿಡಲ್ಲ. ಅದೇ ರೈಫಲ್ಲು, ಆಯಸ್ಸು ಕೆಲವೇ ಸೀಸನ್.

6/6
ನನ್ನ ಜಗಳ ಇರೋದು ಇಲ್ಲಿ. ವೇಗವನ್ನ ಜಾಹೀರಾತಲ್ಲಿ ದಪ್ಪಕ್ಷರದಲ್ಲಿ ಹಾಕ್ತಾರೆ, ಆಯಸ್ಸನ್ನ ಹಾಕಲ್ಲ. ಹಳೇ ರೈಫಲ್ ಮಾರೋನು "ಹತ್ತೇ ವರ್ಷದ್ದು" ಅಂತಾನೆ, ಎಷ್ಟು ಗುಂಡು ಹಾರಿದೆ ಅಂತ ಹೇಳಲ್ಲ. ಕೊಂಡವನ ದುಡ್ಡು ಹೋದ್ರೆ ಹೋಗ್ಲಿ. ಗಂಟಲು ಸವೆದ ಬ್ಯಾರಲ್ಲಿಂದ ಗುರಿ ತಪ್ಪಿದ ಗುಂಡು ಪ್ರಾಣಿ ಹೊಟ್ಟೆಗೆ ಬಿದ್ದು, ಅದು ಕಾಡೊಳಗೆ ಗಂಟೆಗಟ್ಟಲೆ ನರಳುತ್ತಲ್ಲ, ಆ ನಷ್ಟ ಯಾವ ಖಾತೆಗೆ ಬರೀತೀರಾ?

ನಮ್ಮಲ್ಲಿ 1972ರ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ, ಅದು ಹಾಗೇ ಇರ್ಲಿ. ಆದ್ರೆ ಲೆಕ್ಕ ಎಲ್ಲಾ ಕಡೆ ಒಂದೇ. ಸೆಕೆಂಡ್ ಹ್ಯಾಂಡ್ ಬೈಕ್ ನೋಡೋಕೆ ಹೋದಾಗ ಮಾಡೆಲ್ ಇಯರ್ ಒಂದನ್ನೇ ಕೇಳಿ ಬರ್ತೀರಾ? ಎಷ್ಟು ಓಡಿದೆ ಅಂತ ಕೇಳ್ತೀರಲ್ವಾ?

ಸೀನಿಯರ್ ಅಣ್ಣಾ, ಉತ್ತರ ಇದ್ರೆ ಕಾಮೆಂಟಲ್ಲಿ ಬನ್ನಿ. ಬೈಗುಳ ಬೇಡ, ಲೆಕ್ಕ ತನ್ನಿ.

#ಸವಕಳಿ #ಬಿಕಾಂಬುದ್ಧಿ #ಕೊಡಗು