ಕಾರ್ಡ್ ಇದ್ದರೆ ಎಲ್ಲ ಖಾಸಗಿ ಆಸ್ಪತ್ರೆಯಲ್ಲೂ ಚಿಕಿತ್ಸೆ ಉಚಿತವೇ? ದರದ ಜಗಳದ ಹಿಂದಿನ ಲೆಕ್ಕ

‘ಬಿಪಿಎಲ್ ಕಾರ್ಡ್ ತೋರಿಸಿದರೆ ಸಾಕು, ಯಾವ ಖಾಸಗಿ ಆಸ್ಪತ್ರೆಯಲ್ಲಾದರೂ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಕೊಡದಿದ್ದರೆ ಅದು ಮೋಸ’ ಎನ್ನುವ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ‘ಸರ್ಕಾರ ಕೊಡುವ ದರದಲ್ಲಿ ಆಸ್ಪತ್ರೆ ನಡೆಸಲು ಆಗುವುದೇ ಇಲ್ಲ’ ಎನ್ನುವ ಸಂದೇಶವೂ ಬಂದಿರಬಹುದು. ಎರಡೂ ಅರ್ಧ ಸತ್ಯ. ಉಳಿದರ್ಧ ಏನು ಎಂದು ನೋಡೋಣ.

ನಿಯಮ ಏನು ಹೇಳುತ್ತದೆ?

ಕರ್ನಾಟಕದಲ್ಲಿ 2018ರಿಂದ ಇರುವುದು ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ ಯೋಜನೆ. ಇದನ್ನು ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟನ್ನು ಸರ್ಕಾರ ಭರಿಸುತ್ತದೆ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ.

ಆದರೆ ರೋಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಸಿಂಧನೂರು, ಲಿಂಗಸುಗೂರು ಅಥವಾ ಮಸ್ಕಿಯ ರೋಗಿಗೆ ಬೇಕಾದ ಚಿಕಿತ್ಸೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಇಲ್ಲದಿದ್ದರೆ ಅಲ್ಲಿಂದ ರೆಫರಲ್ ಪತ್ರ ಸಿಗುತ್ತದೆ. ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ಮಾತ್ರ ರೆಫರಲ್ ಬೇಡ. ಇನ್ನೊಂದು ಮಾತು: ಯೋಜನೆಯಲ್ಲಿ ನೋಂದಾಯಿಸಿಕೊಂಡ ಖಾಸಗಿ ಆಸ್ಪತ್ರೆಯಲ್ಲಷ್ಟೇ ಕಾರ್ಡ್ ನಡೆಯುತ್ತದೆ. ನೋಂದಾಯಿಸಿಕೊಳ್ಳುವುದು ಬಿಡುವುದು ಆಸ್ಪತ್ರೆಗೆ ಸೇರಿದ್ದು. ದರದ ಪ್ರಶ್ನೆ ಬರುವುದು ಇಲ್ಲೇ.

ಪ್ಯಾಕೇಜ್ ದರ ಎಂದರೇನು?

ಒಂದು ಶಸ್ತ್ರಚಿಕಿತ್ಸೆಗೆ ಹಾಸಿಗೆ, ಔಷಧ, ಪರೀಕ್ಷೆ, ವೈದ್ಯರ ಶುಲ್ಕ ಎಲ್ಲ ಸೇರಿಸಿ ಸರ್ಕಾರ ಕೊಡುವ ಇಡಿಗಂಟೇ ಪ್ಯಾಕೇಜ್ ದರ. ಈ ದರ ತೀರಾ ಕಡಿಮೆಯಾದರೆ ಆಸ್ಪತ್ರೆಗಳು ಯೋಜನೆಯಿಂದ ದೂರ ಉಳಿಯುತ್ತವೆ, ಇಲ್ಲವೇ ರೋಗಿಯಿಂದಲೇ ‘ಮೇಲಿನ ಖರ್ಚು’ ಕೇಳುವ ಅಪಾಯ ಇರುತ್ತದೆ. ತೀರಾ ಹೆಚ್ಚಾದರೆ ತೆರಿಗೆ ಹಣ ಪೋಲಾಗುತ್ತದೆ, ಬೇಡದ ಶಸ್ತ್ರಚಿಕಿತ್ಸೆಗೂ ಆಸೆ ಹುಟ್ಟುತ್ತದೆ. ಎರಡರಲ್ಲೂ ನಷ್ಟ ರೋಗಿಗೇ. ಸಿಂಧನೂರಿನ ರೋಗಿ ಹತ್ತಿರದಲ್ಲೇ ಚಿಕಿತ್ಸೆ ಪಡೆಯುತ್ತಾನೋ, ಸುಮಾರು 90 ಕಿ.ಮೀ. ದೂರದ ರಾಯಚೂರಿಗೋ ಅದಕ್ಕೂ ಆಚೆಗೋ ಹೋಗುತ್ತಾನೋ ಎಂಬುದನ್ನು ಈ ದರವೂ ನಿರ್ಧರಿಸುತ್ತದೆ.

ವೈದ್ಯ ಸಂಘಗಳು ಕೇಳುವುದೇನು?

ಭಾರತೀಯ ವೈದ್ಯಕೀಯ ಸಂಘ (ಐಎಂಎ) ಮತ್ತು ಖಾಸಗಿ ಆಸ್ಪತ್ರೆಗಳ ಸಂಘ ‘ಫಾನಾ’ದ ಮುಖ್ಯ ಬೇಡಿಕೆ ಎರಡು: ದರವನ್ನು ನಿಜವಾದ ವೆಚ್ಚಕ್ಕೆ ಹೊಂದಿಸಿ, ಬಿಲ್ ಹಣ ತಡವಿಲ್ಲದೆ ಕೊಡಿ.

ಸಂಘಗಳ ಬಲ ಎಷ್ಟೆಂದು 2017ರ ನವೆಂಬರ್‌ನಲ್ಲಿ ರಾಜ್ಯ ನೋಡಿದೆ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತರಲು ಸರ್ಕಾರ ಹೊರಟಾಗ ವೈದ್ಯರು ಮುಷ್ಕರ ಹೂಡಿದರು, ಹೊರರೋಗಿ ವಿಭಾಗಗಳು ಮುಚ್ಚಿದವು. ಕೊನೆಗೆ ಕಾಯ್ದೆ ಮೆತ್ತಗಾಗಿ ಅಂಗೀಕಾರವಾಯಿತು: ದರ ನಿಗದಿ ಸರ್ಕಾರಿ ಯೋಜನೆಗಳ ಚಿಕಿತ್ಸೆಗೆ ಸೀಮಿತವಾಯಿತು.

ಇದು ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದಲ್ಲಿ ಹಿರಿಯರ ಸರ್ಕಾರಿ ವಿಮೆ ‘ಮೆಡಿಕೇರ್’ ವೈದ್ಯರಿಗೆ ಎಷ್ಟು ಕೊಡಬೇಕೆಂದು ಅಲ್ಲಿನ ವೈದ್ಯಕೀಯ ಸಂಘದ ಸಮಿತಿಯೊಂದು 1991ರಿಂದ ಸಲಹೆ ಕೊಡುತ್ತಿದೆ. ಹಣ ಪಡೆಯುವವರೇ ದರ ಹೇಳುವುದು ಸರಿಯೇ ಎಂಬ ಟೀಕೆ ಅಲ್ಲೂ ಇದೆ. ಹಾಗೆಂದು ಸಂಘದ ಮಾತು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ವೆಚ್ಚ ಗೊತ್ತಿರುವುದು ಅವರಿಗೇ, ಲಾಭವಿರುವುದೂ ಅವರಿಗೇ. ಅದಕ್ಕೇ ಮೂರನೆಯವರು ಅಳೆಯಬೇಕು.

ಅಳೆದರೆ ಏನಾಗುತ್ತದೆ?

ಚಂಡೀಗಢದ ಪಿಜಿಐ ಸಂಸ್ಥೆಯ ನೇತೃತ್ವದಲ್ಲಿ, ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯ ಹಣದಲ್ಲಿ, ಹಲವು ರಾಜ್ಯಗಳ ಆಸ್ಪತ್ರೆಗಳ ನಿಜ ವೆಚ್ಚದ ಅಧ್ಯಯನ ನಡೆಯಿತು. ಆಯುಷ್ಮಾನ್ ಭಾರತ್ ದರಗಳ ಪರಿಷ್ಕರಣೆಗೆ ಆ ಮಾಹಿತಿ ಬಳಕೆಯಾಯಿತು. 2022ರ ಪರಿಷ್ಕೃತ ಪಟ್ಟಿಯಲ್ಲಿ 1,949 ಚಿಕಿತ್ಸೆಗಳಿವೆ. ಮುಷ್ಕರವಿಲ್ಲದೆಯೂ ದರ ಬದಲಾಗಬಹುದು ಎಂಬುದಕ್ಕೆ ಇದೊಂದು ಉದಾಹರಣೆ.

ಇನ್ನೊಂದು ಉದಾಹರಣೆ ನಮ್ಮ ರಾಜ್ಯದ್ದೇ. ಬಡವರ ಹೃದ್ರೋಗ, ಕ್ಯಾನ್ಸರ್‌ನಂಥ ದೊಡ್ಡ ಕಾಯಿಲೆಗಳಿಗಾಗಿ 2010ರಲ್ಲಿ ‘ವಾಜಪೇಯಿ ಆರೋಗ್ಯಶ್ರೀ’ ಮೊದಲು ಶುರುವಾದದ್ದು ರಾಯಚೂರು ಜಿಲ್ಲೆ ಸೇರಿದ ಕಲಬುರಗಿ ವಿಭಾಗದಲ್ಲಿ. ನಂತರ ಬೆಳಗಾವಿ ವಿಭಾಗಕ್ಕೆ ಬಂತು. ದಕ್ಷಿಣದ ಜಿಲ್ಲೆಗಳಿಗೆ ಇನ್ನೂ ಬಂದಿರಲಿಲ್ಲ. ಸಂಶೋಧಕರು ಈ ಗಡಿಯ ಎರಡೂ ಬದಿಯ 572 ಹಳ್ಳಿಗಳನ್ನು ಹೋಲಿಸಿದರು. ಯೋಜನೆ ಗುರಿಯಾಗಿಸಿದ್ದ ಕಾಯಿಲೆಗಳಿಂದ ಸಾವಿನ ಪ್ರಮಾಣ ಯೋಜನೆ ಇದ್ದ ಬದಿಯ ಬಡ ಕುಟುಂಬಗಳಲ್ಲಿ ಶೇ 0.32, ಇಲ್ಲದ ಬದಿಯಲ್ಲಿ ಶೇ 0.90. 2014ರಲ್ಲಿ ಬ್ರಿಟನ್ನಿನ ‘ಬಿಎಂಜೆ’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಸರ್ಕಾರಿ ಹಣ ಸರಿಯಾಗಿ ತಲುಪಿದರೆ ಜೀವ ಉಳಿಯುತ್ತದೆ ಎನ್ನಲು ಬಲವಾದ ಆಧಾರ ಇದು.

ಇಂಥ ಅಳತೆಗೆ ಹಣ ಬೇಕು. ಎಲ್ಲ ಕ್ಷೇತ್ರಗಳ ಸಂಶೋಧನೆಗೆ ಭಾರತ 2020–21ರಲ್ಲಿ ಖರ್ಚು ಮಾಡಿದ್ದು ಜಿಡಿಪಿಯ ಶೇ 0.64 ಮಾತ್ರ. ಆರೋಗ್ಯಕ್ಕೆ ಸರ್ಕಾರಗಳ ವೆಚ್ಚವನ್ನು 2025ರೊಳಗೆ ಜಿಡಿಪಿಯ ಶೇ 2.5ಕ್ಕೆ ಏರಿಸುವುದಾಗಿ 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತ್ತು. 2021–22ರಲ್ಲಿ ಅದು ಶೇ 1.84 ಇತ್ತು. ದರ ಹೆಚ್ಚಿಸಿ ಎಂಬ ಕೂಗಿನಷ್ಟೇ ಜೋರಾಗಿ ‘ಸಂಶೋಧನೆಗೆ ಹಣ ಕೊಡಿ, ಲೆಕ್ಕ ಬಹಿರಂಗ ಮಾಡಿ’ ಎಂದೂ ವೈದ್ಯ ಸಂಘಗಳು ಕೇಳಿದರೆ ಅವುಗಳ ಮಾತಿಗೆ ತೂಕ ಹೆಚ್ಚುತ್ತದೆ. ಕೇಳಬೇಕಾದವರಲ್ಲಿ ನಾವೂ ಇದ್ದೇವೆ.

ಫಾರ್ವರ್ಡ್ ಮಾಡುವ ಮೊದಲು

• ‘ಯಾವ ಆಸ್ಪತ್ರೆಯಲ್ಲಾದರೂ ಉಚಿತ’ ಎಂದಿದ್ದರೆ ಅದು ತಪ್ಪು. ಆಸ್ಪತ್ರೆ ಯೋಜನೆಯಲ್ಲಿದೆಯೇ ಎಂದು 14555ಕ್ಕೆ ಕರೆ ಮಾಡಿ ಕೇಳಿ.
• ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ರೆಫರಲ್ ಪಡೆಯಿರಿ.
• ಖಾಸಗಿ ಆಸ್ಪತ್ರೆ ತನ್ನ ದರಗಳನ್ನು ಪ್ರದರ್ಶಿಸಲೇಬೇಕು. ತುರ್ತು ಸ್ಥಿತಿಯಲ್ಲಿ ಮುಂಗಡಕ್ಕಾಗಿ ಚಿಕಿತ್ಸೆ ತಡೆಯುವಂತಿಲ್ಲ, ಬಿಲ್ ಬಾಕಿಗಾಗಿ ಶವ ಹಿಡಿದಿಡುವಂತಿಲ್ಲ. ದೂರು ಕೊಡಲು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರವಿದೆ.
• ‘ದರ ಕಡಿಮೆ’ ಅಥವಾ ‘ಆಸ್ಪತ್ರೆಗಳ ಲೂಟಿ’ ಎಂಬ ಸಂದೇಶ ಬಂದರೆ, ಯಾವ ಚಿಕಿತ್ಸೆ, ಎಷ್ಟು ದರ, ವೆಚ್ಚ ಅಳೆದವರು ಯಾರು ಎಂದು ಕೇಳಿ. ಉತ್ತರ ಇಲ್ಲದಿದ್ದರೆ ಮುಂದಕ್ಕೆ ಕಳಿಸಬೇಡಿ.