ನದಿ, ಕಾಲುವೆ ಮತ್ತು ಭಾಷಾನಕ್ಷೆ

ಭಾಷೆಗಳ ಹರವನ್ನೂ ಪ್ರಾಕೃತಿಕ ಭೂಗೋಳವನ್ನೂ ಡಿಜಿಟಲ್ ನಕ್ಷೆಗಳಲ್ಲಿ ಒಂದರ ಮೇಲೊಂದಿಟ್ಟು ಹೋಲಿಸುವ ವಿಧಾನ ಆಫ್ರಿಕಾದ ಭಾಷಾಧ್ಯಯನಗಳಲ್ಲಿ ರೂಢಿಗೆ ಬಂದಿದೆ. ಅಲ್ಲಿ ಕಾಂಗೋ ನದಿಯು ಎರಡು ದೇಶಗಳ ಗಡಿ. ಆದರೆ ಎದುರುಬದುರು ದಡಗಳ ಕಿನ್ಶಾಸಾ, ಬ್ರಜಾವಿಲ್‌ಗಳೆರಡರಲ್ಲೂ ಲಿಂಗಾಲಾ ಭಾಷೆಯಿದೆ. ಅದು ಹಬ್ಬಿದ್ದೇ ನದಿಯ ವ್ಯಾಪಾರದಿಂದ.

ಈ ವಿಧಾನವನ್ನು ರಾಯಚೂರಿಗೆ ಅನ್ವಯಿಸುವಾಗ ಕೃಷ್ಣಾ–ತುಂಗಭದ್ರೆಗಳನ್ನೇ ಭಾಷಾಸೀಮೆಗಳೆಂದು ಭಾವಿಸುವುದು ಸುಲಭ. ಅದು ಸಾಧುವಲ್ಲ. 1956ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಪ್ರದೇಶಕ್ಕೆ ಸೇರಿದ ಗದ್ವಾಲ, ಆಲಂಪುರಗಳು ಇದೇ ಎರಡು ನದಿಗಳ ನಡುವಿನ ನೆಲ. ಇಂದು ಅವು ತೆಲಂಗಾಣದಲ್ಲಿವೆ. ಅಲ್ಲಿ ರಾಜ್ಯಗಳನ್ನು ವಿಭಜಿಸಿದ್ದು ಆಡಳಿತವೇ ಹೊರತು ನದಿಯಲ್ಲ.

ನದಿಗಿಂತ ಕಾಲುವೆಯೇ ಹೆಚ್ಚು ಹೇಳುವ ಸಂದರ್ಭವೂ ಉಂಟು. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ಅನುಸರಿಸಿ ಆಂಧ್ರದ ರೈತರು ಮಾನ್ವಿ, ಸಿಂಧನೂರು ಭಾಗಗಳಲ್ಲಿ ನೆಲೆಸಿದರು. ‘ಕ್ಯಾಂಪ್’ ಎಂದು ಕೊನೆಗೊಳ್ಳುವ ಊರಹೆಸರುಗಳು ಈ ವಲಸೆಯ ಗುರುತುಗಳು. ಕೃಷ್ಣೆಯ ದಡದ ದೇವದುರ್ಗ ತಾಲ್ಲೂಕಿಗೆ ನೀರು ತಂದುದು ನಾರಾಯಣಪುರ ಬಲದಂಡೆ ಕಾಲುವೆ. ಅದರ ಕಥೆ ಬೇರೆ, ಕಾಲ ಬೇರೆ. ಆದ್ದರಿಂದ ಕಾಲುವೆಯನ್ನೂ ಅದು ಬಂದ ವರ್ಷವನ್ನೂ ತೋರದ ನಕ್ಷೆ ಅಪೂರ್ಣ.

ಜನಗಣತಿಯು ಒಬ್ಬ ವ್ಯಕ್ತಿಗೆ ಒಂದೇ ಮಾತೃಭಾಷೆಯನ್ನು ದಾಖಲಿಸುತ್ತದೆ. ಆ ಅಂಕಿಗಳಿಂದ ತಾಲ್ಲೂಕಿಗೊಂದು ಬಣ್ಣ ಬಳಿದರೆ ತಾಂಡಾದ ಲಂಬಾಣಿ, ಪೇಟೆಯ ಉರ್ದು, ಕ್ಯಾಂಪಿನ ತೆಲುಗುಗಳು ಕಣ್ಮರೆಯಾಗುತ್ತವೆ. ಮನೆಯಲ್ಲೊಂದು, ಸಂತೆಯಲ್ಲೊಂದು ನುಡಿಯಾಡುವವರ ಕನ್ನಡವೂ ಲೆಕ್ಕಕ್ಕೆ ಸಿಗುವುದಿಲ್ಲ. ಗಡಿಭಾಗದ ಕನ್ನಡವನ್ನು ಕುರಿತ ವಾದಗಳು ಇಂಥ ನಕ್ಷೆಗಳನ್ನು ಆಧರಿಸುವ ಮೊದಲು, ಮನೆ, ಹೊಲ, ಸಂತೆಗಳ ಭಾಷಾಬಳಕೆಯನ್ನು ಊರೂರಿಗೆ ಹೋಗಿ ದಾಖಲಿಸುವ ಕ್ಷೇತ್ರಕಾರ್ಯವನ್ನು ಕನ್ನಡ ವಿಭಾಗಗಳೇ ಕೈಗೊಳ್ಳಬೇಕು.